ಸುರ್ಮಾ ಕೊಳ್ಳುವ ನೆಪ

"ಇಳೀರಿ ಕೆಳಗೆ! ಈಗಿಂದೀಗಲೇ ಇಳೀರಿ!"

ಶಿರಾದ ಉರ್ದು ಹೆಣ್ಣುಮಕ್ಕಳ ಶಾಲೆಯ ಅಂಗಳದಲ್ಲಿ ನಿಂತು ನಜ್ಮುನ್ನೀಸಾ ಕೂಗಿದಳು. ಅವಳು ಆ ಶಾಲೆಯ ಟೀಚರು, ಮೊಹಲ್ಲಾದವರ ಮಾತಿನಲ್ಲಿ 'ಉಸ್ತಾನಿ'. ಶಾಲೆಯ ಮಾಳಿಗೆಯ ಮೇಲೆ ಗಂಡಸೊಬ್ಬ ನಿಂತಿದ್ದ. ಹೇಳದೆ ಕೇಳದೆ, ಹಿಂದಿನ ಗೋಡೆ ಹತ್ತಿ!

"ಇಳಿತೀನಿ ಕಣಮ್ಮ! ಈ ಗಳ ಬುಟ್ರೆ ನಿಮ್ಮ ತಲೆ ಮ್ಯಾಲೇ ಬೀಳ್ತದೆ!"

"ಹೆಣ್ಣುಮಕ್ಕಳ ಶಾಲೆ ಇದು. ನಾಚಿಕೆ ಆಗೋಲ್ವಾ?"

"ನಂಗೆ ಆಯ್ತದೆ. ಈ ಗಾಳಿಗೆ ಆಗಬೇಕಲ್ಲ!"

ಆಷಾಢದ ಗಾಳಿ ಹಾಗೆ ಬೀಸುತ್ತಿತ್ತು. ಅವನ ಕೈಯಲ್ಲಿ ಎರಡಾಳೆತ್ತರದ ಬಿದಿರಿನ ಗಳ, ಅದರ ತುದಿಯಲ್ಲಿ ತಾಮ್ರದ ತಂತಿ. ಗಳ ಒಮ್ಮೆ ಈ ಕಡೆ ವಾಲಿದರೆ ಅವನೂ ಈ ಕಡೆ, ಆ ಕಡೆ ವಾಲಿದರೆ ಅವನೂ ಆ ಕಡೆ.

"ಹಗ್ಗ ಎಸೀತೀನಿ, ಹಿಡ್ಕಳಿ! ಆಮೇಲೆ ಎಷ್ಟು ಬೇಕಾದ್ರೂ ಬಯ್ಯೀರಂತೆ!"

ಬಯ್ಯಬೇಕೆಂದೇ ಬಂದವಳು ಹಗ್ಗ ಹಿಡಿದುಕೊಂಡಳು. ಸೆರಗು ಜಾರದಂತೆ ಹಲ್ಲಿನಲ್ಲಿ ಕಚ್ಚಿಕೊಂಡು, ಕಾಲು ಒತ್ತಿ ನಿಂತು, ಅವನು ಗಳ ಕಟ್ಟಿ ಮುಗಿಸುವ ತನಕ ಬಿಡಲಿಲ್ಲ. ಅಂಗೈ ಕೆಂಪಾಯಿತು.

ಇಳಿದು ಬಂದವನು ತಲೆ ತಗ್ಗಿಸಿ ಸಲಾಂ ಮಾಡಿದ. "ನಾನು ಇಸಾಕ್. ಸರ್ಕಾರಿ ರೇಡಿಯೋ ಮೆಕ್ಯಾನಿಕ್. ನಿಮ್ಮ ಶಾಲೆಗೆ ರೇಡಿಯೋ ಬಂದದೆ, ಈ ಗಳ ಅದರ ಏರಿಯಲ್ಲಿಗೆ. ಮೇಲೆ ಇದ್ದಾಗ ನಾನು ಕೆರೆ ಕಡೆ ಮುಖ ಮಾಡಿಯೇ ನಿಂತಿದ್ದೆ, ಅಂಗಳ ನೋಡಲಿಲ್ಲ. ಅಲ್ಲಾನ ಆಣೆ."

ಆಣೆಯನ್ನು ಅವಳು ನಂಬಿದಳು. ನಗು ಬಂತು, ಆದರೆ ನಗಲಿಲ್ಲ. ಟೀಚರಲ್ಲವೇ!

ಇದು ಸಾವಿರದ ಒಂಬೈನೂರ ಅರವತ್ತೆರಡರ ಮಾತು.

ಶಿರಾದ ಪಾರ್ಕಿನಲ್ಲಿ ಆಗಲೇ ಪುರಸಭೆಯ ರೇಡಿಯೋ ಇತ್ತು. ಸಂಜೆಯಾದರೆ ಗಂಡಸರೆಲ್ಲ ಅದರ ಕೆಳಗೆ ಕೂತು, ಸುದ್ದಿ ಕೇಳಿ, ಸುದ್ದಿಗಿಂತ ಹೆಚ್ಚು ಜಗಳ ಆಡಿ ಮನೆಗೆ ಬರುತ್ತಿದ್ದರು. ಮೊಹಲ್ಲಾದ ಹೆಂಗಸರು ಪಾರ್ಕಿಗೆ ಹೋಗುವಂತಿರಲಿಲ್ಲ. ಅವರಿಗಾಗಿ ಎಂದು ಸರ್ಕಾರ ಬ್ಯಾಟರಿ ರೇಡಿಯೋ ಒಂದನ್ನು ಶಾಲೆಗೆ ಕೊಟ್ಟಿತು. ಉಸ್ತುವಾರಿ ನಜ್ಮುನ್ನೀಸಾಳದು.

ಪ್ರತಿ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಹೈದರಾಬಾದಿನಿಂದ ಅರ್ಧ ಗಂಟೆ ಉರ್ದು ಹೆಂಗಸರ ಕಾರ್ಯಕ್ರಮ. ಆ ಮೂವತ್ತು ನಿಮಿಷಕ್ಕಾಗಿ ಮೊಹಲ್ಲಾದ ಹೆಂಗಸರು ಎರಡು ಗಂಟೆಗೇ ಬಂದು ಕೂರುತ್ತಿದ್ದರು. ಕೈಯಲ್ಲಿ ಹೊಲಿಗೆಯೋ, ಬಿಡಿಸಲು ಅವರೆಕಾಯಿಯೋ ಇರಲೇಬೇಕು. ಕೈ ಖಾಲಿ ಬಿಟ್ಟು ಕೂತರೆ ಅತ್ತೆಯಂದಿರು ಬಿಡುತ್ತಾರೆಯೇ?

ಅವರಿಗೆ ಕನ್ನಡ ಬಾರದು ಎಂದಲ್ಲ. ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡಿ ವ್ಯಾಪಾರಿಯ ಬೆವರಿಳಿಸುವ ಹೆಂಗಸರು. ಆದರೆ ಪೆಟ್ಟಿಗೆಯೊಳಗಿಂದ ಮನೆಮಾತು ಕೇಳುವ ಸುಖವೇ ಬೇರೆ. ರೇಡಿಯೋದವಳು ಸಲಾಂ ಹೇಳಿದರೆ, ಎಪ್ಪತ್ತು ದಾಟಿದ ಚಾಂದ್ ಬಿ ಪ್ರತಿ ವಾರವೂ ಗಟ್ಟಿಯಾಗಿ, "ವಾಲೈಕುಂ ಸಲಾಂ ಬೇಟಿ, ಚೆನ್ನಾಗಿದೀಯಾ?" ಅನ್ನುತ್ತಿದ್ದಳು.

ಇಸಾಕ್ ತಿಂಗಳಿಗೊಮ್ಮೆ ಬರುತ್ತಿದ್ದ. ಕೊರಟಗೆರೆ, ಮಧುಗಿರಿ, ಪಾವಗಡ ಸುತ್ತಿ, ಹಳ್ಳಿಹಳ್ಳಿಯ ರೇಡಿಯೋಗಳಿಗೆ ಬ್ಯಾಟರಿ ಹಾಕಿ, ತಿಂಗಳ ಕೊನೆಯ ಶುಕ್ರವಾರ ಜೀಪಿನಲ್ಲಿ ಶಿರಾಗೆ. ಅವನು ಬಂದಾಗ ಹೆಂಗಸರ ಮುಂದೆ ಪರದೆ ಎಳೆಯುತ್ತಿದ್ದರು. ಪರದೆಯ ಈಚೆ ರೇಡಿಯೋ, ಅವನು, ಮತ್ತು ಉಸ್ತುವಾರಿಯ ನಜ್ಮುನ್ನೀಸಾ.

ಜೊತೆಗೆ ಒಂದು ರಿಜಿಸ್ಟರು ಇತ್ತು. ತಾರೀಖು, ಕಾರ್ಯಕ್ರಮ, ಕೇಳಿದವರ ಸಂಖ್ಯೆ, ಕೊನೆಗೆ 'ಷರಾ' ಎಂಬ ಅಗಲವಾದ ಕಾಲಮ್ಮು. ಕನ್ನಡದಲ್ಲೇ ಬರೆಯಬೇಕೆಂದು ಆಫೀಸಿನ ಹುಕುಂ. ನಜ್ಮುನ್ನೀಸಾ ಕನ್ನಡ ಬರೆಯಲು ಕಲಿತದ್ದೆಲ್ಲ ಸರ್ಕಾರಿ ಸುತ್ತೋಲೆಗಳಿಂದ. ಅವಳು ಮೊದಲ ತಿಂಗಳು ಷರಾದಲ್ಲಿ ಬರೆದದ್ದು ಹೀಗಿತ್ತು:

'ಸದರಿ ಯಂತ್ರವು ದಿನಾಂಕ ಹತ್ತರಿಂದ ಕೆಮ್ಮುತ್ತಿದೆ.'

ಇಸಾಕ್ ಅದನ್ನು ಓದಿ, ನಗು ನುಂಗಿಕೊಂಡು, ರಿಪೇರಿ ಮಾಡಿ, ಕೆಳಗೆ ಬರೆದ: 'ಕೆಮ್ಮಿಗೆ ಔಷಧಿ ಕೊಡಲಾಗಿದೆ. ತಣ್ಣೀರು ಕೊಡಬಾರದು.'

ಅವನು ಹೋದ ಮೇಲೆ ಓದಿಕೊಂಡು ಅವಳು ಎಷ್ಟು ನಕ್ಕಳೆಂದರೆ ಚಾಂದ್ ಬಿ ಪರದೆ ಸರಿಸಿ ನೋಡಿದಳು. "ಏನಾಯ್ತು ಬೇಟಿ?"

"ಏನಿಲ್ಲ ಖಾಲಾ, ಲೆಕ್ಕ ತಪ್ಪಿತ್ತು."

ಲೆಕ್ಕ ತಪ್ಪಿದ್ದೇನೋ ನಿಜ. ಅಂದಿನಿಂದ ಅವಳು ತಿಂಗಳ ಕೊನೆಯ ಶುಕ್ರವಾರಕ್ಕೆ ಕಾಯತೊಡಗಿದಳು.

'ಸದರಿ ಯಂತ್ರವು ಹೈದರಾಬಾದಿನ ಬದಲು ಪದೇಪದೇ ಮದರಾಸಿಗೆ ಹೋಗುತ್ತಿದೆ.'

'ಟಿಕೆಟಿಲ್ಲದ ಪ್ರಯಾಣ ಮಾಡದಂತೆ ಬುದ್ಧಿ ಹೇಳಲಾಗಿದೆ.'

ಹೀಗೆ ನಡೆಯಿತು. ಬಾಯಲ್ಲಿ ಆಡಿದ್ದು ಕಡಿಮೆ. ಪಟ್ಟನಾಯಕನಹಳ್ಳಿಯ ಕಡೆ ಒಂದು ಹಳ್ಳಿ ತನ್ನೂರು ಎಂದ. ಆ ಊರಿಗೆ ತಮ್ಮದೊಂದೇ ಮುಸಲ್ಮಾನರ ಮನೆ, ಅಪ್ಪ ಹತ್ತಿ ಹಿಂಜುತ್ತಿದ್ದರು, ಈಗಿಲ್ಲ ಎಂದ. ಅಮ್ಮಿ ಖಾಜಾಬಿಗೆ ಕಣ್ಣು ಮಂಜಾಗುತ್ತಿದೆ ಎಂದ.

"ಪೇಟೆ ಬೀದೀಲಿ ನಮ್ಮ ಅಬ್ಬಾದೇ ಅಂಗಡಿ ಇದೆ," ಎಂದಳು ನಜ್ಮುನ್ನೀಸಾ. "ಗುಲಾಮ್ ಮೊಹಿದ್ದೀನ್ ಅಂದ್ರೆ ಯಾರಾದ್ರೂ ತೋರಿಸ್ತಾರೆ. ಅತ್ತರು, ಸುರ್ಮಾ ಎಲ್ಲಾ ಸಿಗುತ್ತೆ. ಆ ಸುರ್ಮಾ ಕಣ್ಣಿಗೆ ತಂಪು ಅಂತಾರೆ, ನಿಮ್ಮ ಅಮ್ಮಿಗೆ ತಗೊಳ್ಳಿ."

"ನೋಡಾನ," ಎಂದ ಇಸಾಕ್.

ಒಮ್ಮೆ ಅವಳು ತಾನು ತರಿಸುವ ಉರ್ದು ಮಾಸಪತ್ರಿಕೆಯನ್ನು ಕೊಟ್ಟಳು. "ಓದಿ, ಕತೆಗಳು ಚೆನ್ನಾಗಿವೆ."

ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಮುಂದಿನ ತಿಂಗಳು ಹಾಳೆ ಮಡಚದೆ ವಾಪಸು ತಂದ. "ಪೂರ್ತಿ ಓದಿದೆ. ಬಲೇ ಚೆನ್ನಾಗದೆ."

"ಯಾವ ಕತೆ ಇಷ್ಟ ಆಯ್ತು?"

ಅವನು ಬ್ಯಾಟರಿಯ ತಂತಿ ಒರೆಸಿದ. "ಕೊನೇದು."

ಕೊನೆಯದು ಕತೆಯೇ ಅಲ್ಲ, ಖೀಮಾ ಮಾಡುವ ವಿಧಾನ! ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಅವಳು ಮನಸಾರೆ ನಕ್ಕಳು. ಅವನೂ ನಕ್ಕ. ಕಿವಿ ಮಾತ್ರ ಕೆಂಪಾಗಿತ್ತು. ಅದನ್ನೂ ಅವಳು ತನಗೆ ಬೇಕಾದ ಹಾಗೇ ಅರ್ಥ ಮಾಡಿಕೊಂಡಳು.

ನವೆಂಬರಿನಲ್ಲಿ ಮನೆಗೆ ಸಂಬಂಧ ಬಂತು.

ಮಧುಗಿರಿಯ ಅಬ್ದುಲ್ ರಶೀದ್, ಬಟ್ಟೆ ವ್ಯಾಪಾರದ ಮನೆತನ. ಹುಡುಗ ಒಳ್ಳೆಯವನೇ. ಆದರೆ ಅವನ ಕಡೆಯವರದು ಒಂದೇ ಷರತ್ತು. ಮದುವೆಯ ಮೇಲೆ ನೌಕರಿ ಬೇಡ, ಆ ರೇಡಿಯೋ ಗುಂಪೂ ಬೇಡ.

"ರಮಜಾನ್ ಚಂದ್ರ ಕಾಣೋ ಮುಂಚಿನ ಶುಕ್ರವಾರ ಅವರು ಜವಾಬು ಕೇಳೋಕೆ ಬರ್ತಾರೆ," ಎಂದರು ಅಬ್ಬಾ. "ನಾನು ಬಲವಂತ ಮಾಡೋನಲ್ಲ ನಜ್ಮಾ. ಆದ್ರೆ ಬೇರೆ ಯಾವ ಸಂಬಂಧದ ಪೈಗಾಮೂ ಇಲ್ಲದೆ ಬಂದಿದ್ದನ್ನ ಬೇಡ ಅನ್ನೋದು ಹೆಂಗೆ? ನೀನೇ ಹೇಳು."

ಅವಳು ಏನು ಹೇಳಿಯಾಳು? ಹುಡುಗನ ಮನೆಯ ಹಿರಿಯರು ಬಾಯಿಬಿಟ್ಟು ಕೇಳಬೇಕು, ಅದು ಪದ್ಧತಿ. ಹುಡುಗಿಯ ಕಡೆಯವರು ತಾವಾಗಿ ಹೋಗಿ ಕೇಳಿದರೆ ಊರ ಬಾಯಿ ಮುಚ್ಚಲು ಎಷ್ಟು ಕೈಯಿದ್ದರೂ ಸಾಲದು.

'ಅವರ ಮನಸ್ಸಿನಲ್ಲಿ ನಾನಿದ್ದೀನಾ? ಇದ್ದರೆ ಯಾಕೆ ಹೇಳೋಲ್ಲ? ಇಲ್ಲದಿದ್ದರೆ ಆ ಷರಾಗಳೆಲ್ಲ ಏನು...?'

ನಾಲ್ಕು ದಿನ ಯೋಚಿಸಿ ಅವಳು ಕಾಗದ ಬರೆದಳು.

ರಿಜಿಸ್ಟರಿನಲ್ಲಿ ಬರೆಯುವಂತಿರಲಿಲ್ಲ, ಅದು ಆಫೀಸಿಗೆ ಹೋಗುತ್ತದೆ. ಕನ್ನಡದಲ್ಲಿ ಬರೆಯೋಣವೆಂದು ಕೂತರೆ 'ಸದರಿ ನನ್ನ ಮನಸ್ಸು' ಎಂದು ಶುರುವಾಯಿತು. ಹರಿದು ಹಾಕಿದಳು. ಮನಸ್ಸಿನ ಮಾತಿಗೆ ಮನೆಮಾತೇ ಸರಿ. ಉರ್ದುವಿನಲ್ಲಿ, ಚಿಕ್ಕದಾಗಿ, ಒಂದೇ ಉಸಿರಿಗೆ ಬರೆದು ಮಡಚಿದಳು.

ನವೆಂಬರಿನ ಕೊನೆಯ ಶುಕ್ರವಾರ ಅದನ್ನು ಹಳೆಯ ಬ್ಯಾಟರಿಯ ಜೊತೆ ಅವನ ಕೈಗಿಟ್ಟಳು.

"ಇದು ರಿಪೋರ್ಟಾ?" ಎಂದ ಇಸಾಕ್.

"ಅಲ್ಲ. ನಿಮಗೆ. ನೀವೊಬ್ಬರೇ ಓದಬೇಕು."

ಅವನು ಕಾಗದವನ್ನು ನೋಡಿದ, ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಪರದೆಯ ಹಿಂದಿನಿಂದ ಚಾಂದ್ ಬಿ ಕೆಮ್ಮಿದಳು. ಅವನು ಕಾಗದವನ್ನು ಅಂಗಿಯ ಒಳಜೇಬಿಗೆ ಸೇರಿಸಿ ಹೊರಟುಬಿಟ್ಟ.

ಆಮೇಲೆ ಒಂದು ವಾರ... ಎರಡು ವಾರ... ಮೂರು ವಾರ.

ಯಾರೂ ಬರಲಿಲ್ಲ.

ಅಂಗಡಿಗೆ ಯಾರಾದರೂ ಮುದುಕಿ ಬಂದಿದ್ದಳಾ ಎಂದು ಅವಳು ದಿನವೂ ಅಬ್ಬಾರನ್ನು ಸುತ್ತಿಬಳಸಿ ಕೇಳುತ್ತಿದ್ದಳು. "ದಿನಾ ಹತ್ತು ಮುದುಕಿಯರು ಬರ್ತಾರೆ, ಯಾವ ಮುದುಕಿ ಬೇಕು ನಿನಗೆ?" ಎಂದು ಅವರು ರೇಗಿದರು.

ಡಿಸೆಂಬರಿನ ಕೊನೆಯ ಶುಕ್ರವಾರ ಇಸಾಕ್ ಬಂದಾಗ ಅವಳು ಕಲ್ಲಾಗಿದ್ದಳು. ಷರಾದಲ್ಲಿ ಒಂದೇ ಮಾತು ಬರೆದಿದ್ದಳು: 'ಇಲ್ಲ.'

ಅವನು ಅದನ್ನು ಓದಿದ. ಪೆನ್ನು ತೆಗೆದವನು ಮತ್ತೆ ಜೇಬಿಗಿಟ್ಟ.

"ಉಸ್ತಾನಿ... ಆ ಕಾಗದದ ವಿಷಯ..."

"ಯಾವ ಕಾಗದ?"

"ಅದೇ, ಹೋದ ತಿಂಗಳು..."

"ನನಗೆ ನೆನಪಿಲ್ಲ. ನೀವೂ ಮರೆತುಬಿಡಿ."

"ಹಂಗಲ್ಲ, ನಾನೊಂದು ಮಾತು ಹೇಳಬೇಕಿತ್ತು. ನಂಗೆ..."

"ಬೇಡ!" ಎಂದಳು. ಧ್ವನಿ ಏರಿತು. ಪರದೆಯ ಹಿಂದೆ ಹೊಲಿಗೆಗಳು ನಿಂತವು. ಅವಳು ಮೆಲ್ಲಗೆ ಹೇಳಿದಳು, "ಬ್ಯಾಟರಿ ಹಾಕಿಯಾಯ್ತಲ್ಲ, ಹೋಗಿ."

ಒಲ್ಲೆ ಎನ್ನುವುದನ್ನು ಮುಖದ ಮೇಲೆ ಹೇಳಿಸಿಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಅವನು ಹೋದ. ಆ ದಿನ ಕಾರ್ಯಕ್ರಮ ಏನಿತ್ತೆಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಅತ್ತಳು, ಸೀಮೆಸುಣ್ಣದ ಪುಡಿ ಕಣ್ಣಿಗೆ ಬಿತ್ತೆಂದಳು. ನಾಲ್ಕು ದಿನ ಬಿಟ್ಟು ಅಬ್ಬಾರಿಗೆ, "ಮಧುಗಿರಿಯವರು ಬರಲಿ, ನೋಡೋಣ," ಎಂದಳು. ಹೂಂ ಎನ್ನಲು ಮಾತ್ರ ಬಾಯಿ ಬರಲಿಲ್ಲ.

ಜನವರಿಯ ಕೊನೆಯ ಶುಕ್ರವಾರ ಬಂತು. ರಮಜಾನಿಗೆ ಇನ್ನೆರಡೇ ದಿನ. ಸಂಜೆ ಐದಕ್ಕೆ ಮಧುಗಿರಿಯವರು ಜವಾಬಿಗಾಗಿ ಬರುವವರಿದ್ದರು.

ಅಂದು ರೇಡಿಯೋ ಸತ್ತಿತ್ತು. ಬ್ಯಾಟರಿ ಹಿಂದಿನ ದಿನವೇ ಮುಗಿದಿತ್ತು. ಹೆಂಗಸರು ಎರಡಕ್ಕೇ ಬಂದು, ಹೊಸ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ, ಮೆಕ್ಯಾನಿಕ್ಕನ ದಾರಿ ಕಾಯುತ್ತಾ ಕೂತರು. ರೇಡಿಯೋ ಇಲ್ಲದ ಮೇಲೆ ಹೆಂಗಸರ ಬಾಯಿ ಸುಮ್ಮನಿರುತ್ತದೆಯೇ?

"ಕೊರಟಗೆರೇಲಿ ನಮ್ಮ ತಮ್ಮ ಟೈಲರ್ ಇದಾನಲ್ಲ," ಎಂದಳು ಮಸ್ತಾನ್ ಬಿ, ಬೀಜ ಕುಟ್ಟುತ್ತಾ. "ಅವನ ಅಂಗಡಿಗೆ ಒಬ್ಬ ಬಂದಿದ್ನಂತೆ. ಸರ್ಕಾರಿ ಜೀಪಿಂದ ಇಳಿದು! ಒಂದು ಚೀಟಿ ತೋರಿಸಿ, 'ಭಾಯಿ, ಇದೇನು ಬರೆದದೆ ಓದಿ' ಅಂದನಂತೆ. ನೋಡಿದ್ರೆ ಒಂದೇ ಒಂದು ಪದ. ಚಾಂದ್."

"ನನ್ನ ಹೆಸರು ಯಾಕೆ ಬರಕೊಂಡಿದಾನೆ ಹಾಳಾದವನು!" ಎಂದಳು ಚಾಂದ್ ಬಿ. ಎಲ್ಲರೂ ನಕ್ಕರು.

"ಆಕಾಶದ ಚಾಂದ್ ಖಾಲಾ! ನಿನ್ನ ಯಾರು ಕೇಳ್ತಾರೆ!"

ಹಾಜರಿ ಬರೆಯುತ್ತಿದ್ದ ನಜ್ಮುನ್ನೀಸಾಳ ಕೈ ಅಲ್ಲೇ ನಿಂತಿತು.

"ಅಯ್ಯೋ, ಅವನೇ ಇರಬೇಕು ಕಣ್ರೇ!" ಎಂದಳು ಇನ್ನೊಬ್ಬಳು, ಮೂಲೆಯಲ್ಲಿ ಕೂತಿದ್ದ ಹುಸೇನ್ ಬಿ. "ಮಧುಗಿರಿ ಹಕೀಮರ ಹತ್ರ ನಮ್ಮತ್ತೇನ ಕರಕೊಂಡು ಹೋಗಿದ್ದೆ. ಅಲ್ಲೂ ಹಿಂಗೇ ಒಬ್ಬ ಚೀಟಿ ಹಿಡಕೊಂಡು ಬಂದಿದ್ದ. ಅದರಲ್ಲಿ ಬರೆದಿದ್ದು ಸುರ್ಮಾ. ಹಕೀಮರು ಅವನಿಗೇ ಕಣ್ಣು ನೋವು ಅಂದ್ಕೊಂಡು, ರೆಪ್ಪೆ ಎತ್ತಿ ನೋಡಿ, 'ನಿನ್ನ ಕಣ್ಣು ನೆಟ್ಟಗಿದೆ, ಹೋಗು' ಅಂತ ಬೈದು ಕಳಿಸಿದ್ರು!"

ಮತ್ತೆ ನಗು. ಪಾವಗಡದ ಅಕ್ಕನ ಮನೆಗೆ ಹೋಗಿ ಬಂದಿದ್ದವಳೊಬ್ಬಳು ಧ್ವನಿ ಸೇರಿಸಿದಳು. "ಪಾವಗಡ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲೂ ಕೇಳಿದಾನೆ. ಅಲ್ಲಿ ದೇರ್ ಅಂತ ಬರೆದಿತ್ತಂತೆ. ತಡ ಅಂತ. ಟೀ ಅಂಗಡಿಯವನು, 'ಬಸ್ಸು ದಿನಾ ತಡಾನೇ, ಅದನ್ನ ಬೇರೆ ಬರಕೊಂಡು ತಿರುಗಬೇಕಾ' ಅಂದನಂತೆ!"

ಚಾಂದ್. ಸುರ್ಮಾ. ದೇರ್.

ಒಂದೊಂದೂ ಅವಳೇ ಬರೆದ ಪದ! ಅವಳದೇ ಕಾಗದ, ಚೂರು ಚೂರಾಗಿ, ಮೂರು ತಾಲ್ಲೂಕು ಸುತ್ತಿ, ಹುಣಸೆಬೀಜದ ನಡುವೆ ಅವಳ ಮುಂದೆ ಬಂದು ಬೀಳುತ್ತಿತ್ತು. ಪೆನ್ನು ಕೈಯಿಂದ ಜಾರಿತು.

'ಅವರಿಗೆ ಉರ್ದು ಓದೋಕೆ ಬರೋಲ್ಲ...! ಒಂದೇ ಮನೆಯ ಊರು, ಮದರಸಾ ಇಲ್ಲ, ಕಲಿತಿದ್ದು ಕನ್ನಡ ಶಾಲೆ. ನಮಾಜನ್ನೂ ಕಿವೀಲಿ ಕೇಳೇ ಕಲಿತಿರಬೇಕು. ಕೊನೆಯ ಕತೆ ಇಷ್ಟ ಅಂದರಲ್ಲ! ಕಿವಿ ಕೆಂಪಾಗಿತ್ತಲ್ಲ! ನಾನೆಂಥ ಟೀಚರು? ದಿನಾ ಓದು ಬಾರದ ಮಕ್ಕಳ ಮುಖ ನೋಡ್ತೀನಿ, ಇವರ ಮುಖ ಓದೋಕಾಗಲಿಲ್ಲ...'

ಅದಕ್ಕಿಂತ ದೊಡ್ಡ ಮಾತು ಆಮೇಲೆ ಹೊಳೆಯಿತು.

ಕಾಗದವನ್ನು ಯಾರ ಕೈಗಾದರೂ ಕೊಟ್ಟು ಓದಿಸಬಹುದಿತ್ತು. ಒಂದೇ ನಿಮಿಷದ ಕೆಲಸ. ಆದರೆ ಸಂಜೆಯೊಳಗೆ ಗುಲಾಮ್ ಮೊಹಿದ್ದೀನರ ಮಗಳ ಹೆಸರು ನಾಲ್ಕು ತಾಲ್ಲೂಕಿನ ಟೀ ಅಂಗಡಿಗಳಲ್ಲಿ ಇರುತ್ತಿತ್ತು. ಅದಕ್ಕೇ ಅವನು ಒಂದೊಂದು ಪದವನ್ನು ಒಂದೊಂದು ಚೀಟಿಗೆ ಚಿತ್ರ ಬಿಡಿಸಿದ ಹಾಗೆ ಬರೆದುಕೊಂಡು, ಒಂದೊಂದು ಊರಿನಲ್ಲಿ ಒಬ್ಬೊಬ್ಬರಿಗೆ ತೋರಿಸಿದ್ದ. ಯಾರಿಗೂ ಪೂರ್ತಿ ಸಿಗಬಾರದೆಂದು. ತಾನು ಹುಚ್ಚನೆನಿಸಿಕೊಂಡರೂ ಸರಿ ಎಂದು.

ಅಂಥವನಿಗೆ 'ಮರೆತುಬಿಡಿ' ಎಂದಿದ್ದಳು!

ಹೊರಗೆ ಜೀಪು ನಿಂತ ಸದ್ದಾಯಿತು.

"ಬಂದ, ಬಂದ! ಪರದೆ ಎಳೀರೇ!" ಹೆಂಗಸರು ಗಡಿಬಿಡಿಗೊಂಡರು. ಚೀಟಿಯವನೂ ಬ್ಯಾಟರಿಯವನೂ ಒಬ್ಬನೇ ಎಂದು ಅವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಇಸಾಕ್ ಒಳಗೆ ಬಂದು ಅವಳ ಮುಖ ನೋಡದೆ ಬ್ಯಾಟರಿ ಜೋಡಿಸತೊಡಗಿದ. ಗೋಡೆ ಗಡಿಯಾರದಲ್ಲಿ ಮೂರಕ್ಕೆ ಎರಡು ನಿಮಿಷ.

"ಆ ಕಾಗದ ಇದೆಯಾ?" ನಜ್ಮುನ್ನೀಸಾ ಪಿಸುಗುಟ್ಟಿದಳು.

ಅವನ ಕೈ ನಿಂತಿತು. "ಅದೆ."

"ನಿಮಗೆ ಉರ್ದು ಓದೋಕೆ ಬರೋಲ್ಲ, ಅಲ್ವಾ?"

ಅವನು ತಲೆ ಎತ್ತಲಿಲ್ಲ. "ಇಲ್ಲ. ಮಾತಾಡಾಕೆ ಬರ್ತದೆ, ಓದಾಕಿಲ್ಲ. ಅವತ್ತು ಪುಸ್ತಕ ಕೊಟ್ರಲ್ಲ, ನಾಚ್ಕೆಗೆ ಸುಳ್ಳು ಹೇಳ್ಬುಟ್ಟೆ. ಹೋದ ಸಲ ಹೇಳಾನ ಅಂತ ಬಂದೆ, ನೀವು ಬೇಡ ಅಂದ್ಬುಟ್ರಿ."

"ತಪ್ಪಾಯ್ತು," ಎಂದಳು ಅವಳು.

"ಒಂದಷ್ಟು ಪದ ತಿಳೀತು ಉಸ್ತಾನಿ. ಅಮ್ಮಿ ಅಂತ ಇತ್ತು. ಸುರ್ಮಾ ಅಂತ ಇತ್ತು. ತಡ ಅಂತ ಇತ್ತು. ನಂಗೆ ಅರ್ಥ ಆಯ್ತು." ಅವನ ಧ್ವನಿಯಲ್ಲಿ ಪರೀಕ್ಷೆ ಪಾಸಾದವನ ಹೆಮ್ಮೆ ಇಣುಕಿತು. "ನಮ್ಮಮ್ಮಿ ಕಣ್ಣಿಗೆ ಸುರ್ಮಾ ಹಾಕ್ಸಿ, ತಡ ಮಾಡಬ್ಯಾಡಿ ಅಂತ ಬರೆದಿದ್ದೀರಿ. ಅಲ್ವಾ? ಅದಕ್ಕೇ ಇವತ್ತು ಅಮ್ಮೀನ ಕರಕೊಂಡೇ ಬಂದ್ಬುಟ್ಟೆ. ಜೀಪಲ್ಲಿ ಕೂತವ್ಳೆ. ನಿಮ್ಮ ಅಬ್ಬಾ ಅಂಗಡೀಲೇ ತಗೊಳ್ಳಾನ ಅಂತ."

ನಜ್ಮುನ್ನೀಸಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಿಟಕಿಯಿಂದ ನೋಡಿದಳು. ನಿಜ! ಡ್ರೈವರ್ ಹುಚ್ಚಣ್ಣನ ಪಕ್ಕದ ಸೀಟಿನಲ್ಲಿ, ಬಿಳಿ ಸೆರಗು ಹೊದ್ದ ಮುದುಕಿಯೊಬ್ಬಳು, ಬಿಸಿಲಿಗೆ ಕೈ ಅಡ್ಡ ಹಿಡಿದು ಶಾಲೆಯ ಕಡೆಗೇ ನೋಡುತ್ತಿದ್ದಳು.

"ಕಾಗದ ಕೊಡಿ. ನಾನೇ ಓದಿ ಹೇಳ್ತೀನಿ."

ಅವನು ಒಳಜೇಬಿನಿಂದ ತೆಗೆದ. ಮೇಣಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕಾಗದ. ಒಂದು ಚೂರೂ ಹರಿದಿರಲಿಲ್ಲ.

"ಆದ್ರೆ ಅವರು ಕೇಳಿಸಿಕೊಳ್ತಾರೆ," ಎಂದು ಪರದೆಯತ್ತ ಕಣ್ಣು ತೋರಿಸಿದಳು.

ಇಸಾಕ್ ರೇಡಿಯೋದ ಗುಂಡಿ ತಿರುಗಿಸಿದ. ಗೊರಗೊರ ಸದ್ದು, ಆಮೇಲೆ ಹೈದರಾಬಾದು. ರೇಡಿಯೋದವಳು ಸಲಾಂ ಹೇಳಿದಳು. "ವಾಲೈಕುಂ ಸಲಾಂ ಬೇಟಿ!" ಎಂದಳು ಚಾಂದ್ ಬಿ. ಅವನು ಗುಂಡಿಯನ್ನು ಇನ್ನಷ್ಟು ತಿರುಗಿಸಿದ. ಮತ್ತೂ ಅಷ್ಟು. ಗೋಡೆ ಮೇಲಿನ ಹಲ್ಲಿ ಓಡಿಹೋಯಿತು.

"ಇಷ್ಟು ಜೋರು ಬೇಡಪ್ಪಾ!" ಪರದೆಯ ಹಿಂದಿನಿಂದ ಕೂಗು.

"ಹೊಸಾ ಬ್ಯಾಟರಿ ಕಣಮ್ಮ, ಮೊದ್ಲು ಹಂಗೇ!" ಎಂದ ಇಸಾಕ್. ಸುಳ್ಳು ಹೇಳುವುದರಲ್ಲಿ ಅವನು ಸ್ವಲ್ಪ ಸುಧಾರಿಸಿದ್ದ.

ಆ ಗದ್ದಲದ ಮರೆಯಲ್ಲಿ ನಜ್ಮುನ್ನೀಸಾ ಓದಿದಳು.

"'ಇಸಾಕ್ ಸಾಹೇಬರೇ, ನಮ್ಮ ಮನೆಗೆ ಒಂದು ಸಂಬಂಧ ಬಂದಿದೆ. ನನಗೆ ಬೇಡ. ನನಗೆ ಬೇಕಾದವರು ತಿಂಗಳಿಗೊಮ್ಮೆ ಮಾತ್ರ ಬರುತ್ತಾರೆ, ಬಂದರೂ ಷರಾ ಬರೆದು ಹೋಗಿಬಿಡುತ್ತಾರೆ...'"

ಅವಳು ತಲೆ ಎತ್ತದೆ ಮುಂದಿನ ಸಾಲಿಗೆ ಬಂದಳು.

"'ನಿಮ್ಮ ಮನಸ್ಸೂ ಹಾಗೇ ಇದ್ದರೆ, ರಮಜಾನ್ ಚಾಂದ್ ಕಾಣುವ ಮುಂಚೆ ನಿಮ್ಮ ಅಮ್ಮಿಯನ್ನು ನಮ್ಮ ಅಬ್ಬಾ ಅಂಗಡಿಗೆ ಕಳಿಸಿ. ಸುರ್ಮಾ ಕೊಳ್ಳುವ ನೆಪ ಸಾಕು. ಬಂದ ಮೇಲೆ ಹಿರಿಯರು ಮಾತಾಡಿಕೊಳ್ಳುತ್ತಾರೆ. ಆಮೇಲೆ ತಡವಾಗುತ್ತದೆ.'"

ಓದಿ ಮುಗಿಸಿ ಕಾಗದ ಮಡಚಿದಳು. ಅವನು ಕಾಗದವನ್ನೇ ನೋಡುತ್ತಿದ್ದ. ಅವಳಿಗೆ ಒಮ್ಮೆಲೇ ಭಯವಾಯಿತು.

'ಸುರ್ಮಾಕ್ಕೇ ಬಂದವರೇನೋ... ಬೇರೆ ಮಾತು ಇವರ ಮನಸ್ಸಿನಲ್ಲೇ ಇಲ್ಲವೇನೋ...'

"ಇದು..." ಎಂದ ಇಸಾಕ್. "ಇದು ನೀವು ಬರೆದು ಎರಡು ತಿಂಗಳಾಯ್ತು. ಎರಡು ತಿಂಗಳು ಇದನ್ನ ಎದೆ ಮ್ಯಾಲೆ ಇಟ್ಕಂಡು ತಿರುಗಿದೀನಿ. ಕೇಳಾಕೆ ನಂಗೆ ಧೈರ್ಯ ಇರ್ನಿಲ್ಲ. ನೀವು ಟೀಚರು, ಪೇಟೆ ಮನೆಯೋರು. ನಾನು ಹತ್ತಿ ಹಿಂಜೋನ ಮಗ."

"ಈಗ ಇದೆಯಾ ಧೈರ್ಯ? ಆ ಸಂಬಂಧದವರು ಜವಾಬಿಗೆ ಇವತ್ತೇ ಬರ್ತಾರೆ."

"ಈಗ ಹೊತ್ತಿಲ್ಲ!" ಎಂದ ಅವನು. ಅವಳ ಮುಖ ಬಾಡುವ ಮೊದಲೇ ಟೂಲ್ಸ್ ಚೀಲ ಎತ್ತಿ ಹೆಗಲಿಗೆ ಹಾಕಿದ. "ಅವರು ಎಷ್ಟೊತ್ತಿಗೆ ಬರಾದು?"

"ಐದಕ್ಕೆ."

"ಮೂರೂ ಹತ್ತು ಆಗದೆ. ಹುಚ್ಚಣ್ಣಾ! ಜೀಪು ತೆಗೀಲಾ!"

ಅವನು ಓಡಿದ. ಕಿಟಕಿಯಲ್ಲಿ ನಿಂತು ಅವಳು ನೋಡಿದಳು. ಅವನು ಜೀಪಿನ ಹತ್ತಿರ ಬಗ್ಗಿ ಅಮ್ಮಿಯ ಕಿವಿಯಲ್ಲಿ ಏನೋ ಹೇಳಿದ. ಮುದುಕಿ ಅವನ ಬೆನ್ನಿಗೊಂದು ಗುದ್ದಿದಳು. ಇನ್ನೊಂದು ಗುದ್ದಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಜೀಪು ಪೇಟೆ ಬೀದಿಯ ಕಡೆ ತಿರುಗಿತು.

ನಾಲ್ಕೂವರೆಗೆ ಅಬ್ಬಾ ಮನೆಗೆ ಬಂದರು. ಬೂಟು ಬಿಚ್ಚಿದರು, ನೀರು ಕುಡಿದರು, ಗಡ್ಡ ಒರೆಸಿಕೊಂಡರು. ಅವರದು ಎಲ್ಲವೂ ನಿಧಾನ.

"ಇವತ್ತು ಒಬ್ಬಳು ಮುದುಕಿ ಸುರ್ಮಾಕ್ಕೆ ಬಂದಿದ್ಲು," ಎಂದರು.

ನಜ್ಮುನ್ನೀಸಾ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಡಬ್ಬಿ ಕೈಗೆ ಕೊಟ್ಟೆ. ಡಬ್ಬಿ ಹಂಗೇ ಹಿಡಕೊಂಡು, 'ನಿಮ್ಮ ಮಗಳನ್ನ ನಮ್ಮನೆಗೆ ಕೊಡಿ' ಅಂದ್ಲು. ನಾನು, 'ನಮ್ಮ ಹುಡುಗಿ ನೌಕರಿ ಬಿಡೋಳಲ್ಲ ಅಮ್ಮಾ' ಅಂದೆ. ಅದಕ್ಕೆ ಅವಳು ಏನಂದ್ಲು ಗೊತ್ತಾ? 'ಬಿಟ್ರೆ ನನ್ನ ಮಗಂಗೆ ಓದು ಕಲಿಸೋರು ಯಾರು?' ಅಂದ್ಲು."

ನಜ್ಮುನ್ನೀಸಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಿನಗಿದು ಗೊತ್ತಿತ್ತಾ?"

ಅವಳು ನೆಲ ನೋಡಿದಳು. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಕೊನೆಗೆ ಮೆಲ್ಲಗೆ ಕೇಳಿದಳು, "ಅಬ್ಬಾ... ಸುರ್ಮಾ ಕೊಟ್ಟಿರಾ?"

"ಎರಡು ಡಬ್ಬಿ ಕೊಟ್ಟೆ. ಒಂದು ಅವಳ ಕಣ್ಣಿಗೆ." ಅಬ್ಬಾ ಟೋಪಿ ತೆಗೆದು ಗೂಟಕ್ಕೆ ಹಾಕಿದರು. "ಇನ್ನೊಂದು ಸೊಸೆ ಬಂದಾಗ ಅವಳಿಗೆ ಕೊಡು ಅಂದೆ. ಹೋಗು, ಟೀಗೆ ಇಡು. ಮಧುಗಿರಿಯವರು ಬರೋ ಹೊತ್ತಾಯ್ತು. ಬೇಡ ಅನ್ನೋದನ್ನೂ ಟೀ ಕೊಟ್ಟೇ ಹೇಳಬೇಕು."

ಅವಳು ಅಡುಗೆಮನೆಗೆ ಓಡಿದಳು. ಅವತ್ತಿನ ಟೀಗೆ ಎರಡು ಸಲ ಸಕ್ಕರೆ ಬಿತ್ತು.

ಫೆಬ್ರವರಿಯ ಕೊನೆಯ ಶುಕ್ರವಾರ, ರಮಜಾನ್ ಮುಗಿಯುವ ಹೊತ್ತಿಗೆ ಇಸಾಕ್ ಮತ್ತೆ ಬಂದ. ಮದುವೆ 'ಈದ್ ಆದ ಮೇಲೆ' ಎಂದು ಗೊತ್ತಾಗಿತ್ತು. ಪರದೆಯ ಹಿಂದೆ ಅವತ್ತು ಯಾರೂ ಹೊಲಿಗೆ ಹಾಕುತ್ತಿರಲಿಲ್ಲ, ಎಲ್ಲರೂ ಕಿವಿ ಇಟ್ಟುಕೊಂಡು ಕೂತಿದ್ದರು. ಚೀಟಿಯವನು ಯಾರೆಂದು ಅಷ್ಟರಲ್ಲಿ ಅವರಿಗೆಲ್ಲ ತಿಳಿದಿತ್ತು. "ಚೀಟಿ ತಂದಿದೀಯೇನಪ್ಪಾ?" ಎಂದು ಚಾಂದ್ ಬಿ ಕೂಗಿದಳು. ಒಳಗೆಲ್ಲ ನಗು.

ಅವನು ಬ್ಯಾಟರಿ ಹಾಕಿದ. ರಿಜಿಸ್ಟರು ಎಳೆದುಕೊಂಡು ಷರಾದಲ್ಲಿ ಏನೋ ಬರೆದ. ಬಹಳ ಹೊತ್ತು ಬರೆದ. ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ, ಮೊದಲನೇ ತರಗತಿಯ ಮಕ್ಕಳಂತೆ.

ಅವಳು ಬಗ್ಗಿ ನೋಡಿದಳು. ಕನ್ನಡವಲ್ಲ. ಒಂದೇ ಪದ, ಉರ್ದುವಿನಲ್ಲಿ. ನಜ್ಮುನ್ನೀಸಾ.

"ಇದನ್ನ ಯಾರು ಓದಿಕೊಟ್ರು?" ಅವಳು ಮೆಲ್ಲಗೆ ಕೇಳಿದಳು. "ಕೊರಟಗೆರೆ ಟೈಲರಾ, ಮಧುಗಿರಿ ಹಕೀಮರಾ?"

"ಯಾರೂ ಇಲ್ಲ."

"ಮತ್ತೆ?"

"ಕಾಗದದ ಕೊನೇಲಿ ಒಂದೇ ಪದ ಬೇರೆಯಾಗಿ ನಿಂತಿತ್ತಲ್ಲ. ಅದು ನಿಮ್ಮ ಹೆಸರೇ ಇರಬೇಕು ಅನ್ನಿಸ್ತು. ಅದನ್ನ ಮಾತ್ರ ಯಾರಿಗೂ ತೋರಿಸ್ಲಿಲ್ಲ. ಏನೂ ಓದಾಕೆ ಬರದಿದ್ದಾಗಲೂ ದಿನಾ ಒಂದು ಸಲ ಅದನ್ನ ನೋಡಿ ನೋಡಿ ಬರೀತಿದ್ದೆ." ಅವನು ಪೆನ್ನು ಕೆಳಗಿಟ್ಟ. "ಸರಿ ಬಂದದಾ ಉಸ್ತಾನಿ?"

ಅವಳ ಕಣ್ಣು ತುಂಬಿತು. ಪೆನ್ನು ತೆಗೆದುಕೊಂಡು, ಆಫೀಸಿಗೆ ಹೋದರೆ ಹೋಗಲಿ ಎಂದುಕೊಂಡು, ಅವನ ಬರಹದ ಕೆಳಗೆ ತನಗೆ ಬರುವ ಕನ್ನಡದಲ್ಲಿ ಬರೆದಳು:

'ಸದರಿ ಬರಹವು ಸರಿಯಾಗಿದೆ. ದಿನಾಲೂ ಬರೆಯತಕ್ಕದ್ದು.'